ಫಿನ್ಲೆಂಡಿನಲ್ಲಿ ನಾವಿಬ್ಬರೂ ಬೆವರಿದ್ದು

ಹೊರಡುವ ಮೊದಲು, ಎಕ್ಕಂಬಿ

ಫಿನ್ಲೆಂಡಿನಿಂದ ಬಂದ ಮೇಲೆ ಸಿರ್ಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ. "ಅಲ್ಲಿ ಭಾಳ ಥಂಡಿ ಅಂತಲ್ಲ, ಹೆಂಗ ಇದ್ರಿ ಮಾರಾಯ್ರ?" ಥಂಡಿ ಇದ್ದದ್ದು ನಿಜ, ಆದರೆ ನಾನು ಹುಟ್ಟಿದಾಗಿನಿಂದ ಅಷ್ಟು ಬೆವರಿದ್ದೂ ಅಲ್ಲಿಯೇ ಎನ್ನುತ್ತೇನೆ. ಅವರು ನಕ್ಕು ತಮ್ಮ ಬಸ್ಸು ಹತ್ತುತ್ತಾರೆ. ಬಸ್ಸಿನ ಅವಸರದಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲ. ಅದಕ್ಕೇ ಟೈಪ್ ಮಾಡಲು ಕೂತಿದ್ದೇನೆ. ಒಂದೇ ಬೆರಳಿನ ಕೆಲಸ. ಓದುವವರೂ ಅಷ್ಟೇ ನಿಧಾನವಾಗಿ ಓದಿದರೆ ನಾವು ಜೊತೆಯಲ್ಲೇ ಮುಟ್ಟುತ್ತೇವೆ.

ನನ್ನ ಓದು ತಡ. ಮೀಸೆ ಮೂಡಿದ ಮೇಲೆ ಚಿಕ್ಕ ಹುಡುಗರ ಪಕ್ಕ ಕೂತು ಕಲಿತವನು. ಅದರಿಂದ ಕೆಲಸ ತಡ, ಮದುವೆಯೂ ತಡ. ಯಲ್ಲಾಪುರದಾಚೆ ಒಂದು ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವುದು ನನ್ನ ಕೆಲಸ. ಆ ಕಾರ್ಖಾನೆಗೆ ಫಿನ್ಲೆಂಡಿನಿಂದ ಹೊಸ ಯಂತ್ರ ಬರುವುದಿತ್ತು. ಅದರ ಬಾಯ್ಲರ್ ಕಲಿತು ಬಾ ಎಂದು ನನ್ನನ್ನು ಆರಿಸಿದರು. ಚಳಿಗಾಲವೆಲ್ಲ ಅಲ್ಲೇ ಇರಬೇಕು, ಮನೆ ಕೊಡುತ್ತಾರೆ, ಹೆಂಡತಿಯನ್ನೂ ಕರೆದೊಯ್ಯಬಹುದು ಎಂದರು.

ಯಂತ್ರದ ಮಾತಿಗೆ ನಮ್ಮ ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಹೆಂಡತಿಯ ಮಾತಿಗೆ ಮಾತ್ರ ಒಂದು ವಾರ ಗದ್ದಲ. ನಮ್ಮದು ಎಕ್ಕಂಬಿಯಲ್ಲಿ ಅಣ್ಣತಮ್ಮಂದಿರ ಒಟ್ಟು ಮನೆ. ನೀಲವ್ವನನ್ನು ಮದುವೆಯಾಗಿ ಮೂರು ವರ್ಷವಾಗಿತ್ತು, ಆದರೆ ನಾನು ಕಾರ್ಖಾನೆಯ ಕೋಣೆಯಲ್ಲಿ, ಅವಳು ಎಕ್ಕಂಬಿಯ ಅಡುಗೆಮನೆಯಲ್ಲಿ. ರಜೆಗೆ ಬಂದಾಗ ಹಿರಿಯರೆದುರು ನಾವು ಆಡುತ್ತಿದ್ದ ಮಾತು ಎರಡೇ. "ಊಟಾ ಆತೇನು?" "ಬಸ್ಸು ಎಷ್ಟಕ್ಕ?" ಹೆಂಡತಿಯ ಜೊತೆ ಒಂದಿಷ್ಟು ಕೂತು ಮಾತಾಡಬೇಕು, ಅವಳು ಯಾವುದಕ್ಕೆ ನಗುತ್ತಾಳೆ ನೋಡಬೇಕು ಎಂಬುದೇ ನನ್ನ ಆಸೆ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಕೊನೆಗೆ ನಮ್ಮವ್ವನೇ ದಾರಿ ಮಾಡಿದಳು. "ಹೋಗ್ಲಿ ಬಿಡ್ರೋ, ಕರಕೊಂಡು ಹೋಗ್ಲಿ. ಅಷ್ಟು ದೂರದಾಗ ಇವಗ ರೊಟ್ಟಿ ಯಾರು ಬಡೀತಾರ?"

ಹೀಗೆ ನೀಲವ್ವ ರೊಟ್ಟಿಯ ಸಲುವಾಗಿ ಸಮುದ್ರ ದಾಟಿದಳು.

ಕೆರೆದಂಡೆಯ ಊರು

ನಮಗೆ ಕೊಟ್ಟ ಮನೆ ದೊಡ್ಡ ಕೆರೆಯೊಂದರ ದಂಡೆಯಲ್ಲಿತ್ತು. ಗುಡ್ನಾಪುರದ ಕೆರೆ ನೋಡಿದವರಿಗೆ ಕೆರೆಯೆಂದರೆ ಆಚೆ ದಡ ಕಾಣಬೇಕು. ಇಲ್ಲಿ ಕಾಣುತ್ತಿರಲಿಲ್ಲ. ಮನೆ ಪೂರ್ತಿ ಮರದ್ದು, ಕೆಂಪು ಬಣ್ಣ. ಹಿತ್ತಲಿನ ತುದಿಗೆ ಇನ್ನೊಂದು ಪುಟ್ಟ ಮರದ ಮನೆ, ಅದಕ್ಕೂ ಒಂದು ಚಿಮಣಿ. ಇದೇನೆಂದು ಪಕ್ಕದ ಮನೆಯ ತೊಯ್ವೊನನ್ನು ಕೇಳಿದೆ.

"ಸೌನಾ," ಎಂದು ಮೈ ಉಜ್ಜಿಕೊಂಡು ತೋರಿಸಿದ.

ಬಚ್ಚಲಮನೆ ಎಂದು ನಾವು ತಿಳಿದುಕೊಂಡೆವು. ತೊಯ್ವೊ ನಾನು ಕಲಿಯಲು ಹೋದ ಕಾರ್ಖಾನೆಯಲ್ಲೇ ಫೋರ್‌ಮನ್. ಅವನ ಅರ್ಧ ಇಂಗ್ಲಿಷಿಗೆ ನನ್ನ ಅರ್ಧ ಇಂಗ್ಲಿಷು ಸೇರಿದರೆ ಒಂದು ವಾಕ್ಯ ಆಗುತ್ತಿತ್ತು. ಅವನ ಹೆಂಡತಿ ಐನೋಗೆ ಆ ತೊಂದರೆ ಇರಲಿಲ್ಲ. ಆಕೆ ಎಲ್ಲವನ್ನೂ ತನ್ನ ಭಾಷೆಯಲ್ಲೇ ಹೇಳುವಳು. ನಮಗೆ ತಿಳಿಯದಿದ್ದರೆ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುವಳು.

ಅಲ್ಲಿಯ ಜನ ಮಾತಾಡುವುದೇ ಇಲ್ಲ. ಬಸ್ಸಿಗೆ ಕಾಯುವಾಗ ಒಬ್ಬರಿಂದೊಬ್ಬರು ಎತ್ತಿನಗಾಡಿ ಹಾಯುವಷ್ಟು ದೂರ ನಿಂತು, ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ಒಂದು ದಿನ ಪಕ್ಕದಲ್ಲಿದ್ದವನಿಗೆ ನಾನು ನಮಸ್ಕಾರ ಮಾಡಿದೆ. ಆತ ಗಾಬರಿಯಾಗಿ ಹಿಂದೆ ತಿರುಗಿ, ನಾನು ಬೇರೆ ಯಾರಿಗೋ ಮಾಡಿದೆನೆಂದು ಹುಡುಕಿದ. ಸಿರ್ಸಿಯಲ್ಲಾದರೆ ಬಸ್ಸು ಬರುವುದರೊಳಗೆ ನಿಮ್ಮ ಮನೆತನ, ನಿಮ್ಮ ಮಾವನ ಮನೆತನ, ಹೊಲದಲ್ಲಿ ಏನು ಹಾಕಿದ್ದೀರಿ, ಎಲ್ಲ ಕೇಳಿ ಮುಗಿಸಿರುತ್ತಾರೆ.

ನಾನು ಕಾರ್ಖಾನೆಯ ಬೆಚ್ಚಗಿನ ಬಾಯ್ಲರ್ ಪಕ್ಕ ಇರುತ್ತಿದ್ದೆ. ನೀಲವ್ವನಿಗೆ ಇಡೀ ದಿನ ಆ ಮರದ ಮನೆ. ಎರಡು ಸೀರೆ ಒಂದರ ಮೇಲೊಂದು, ಅದರ ಮೇಲೆ ಸ್ವೆಟರು, ಅದರ ಮೇಲೆ ನನ್ನ ಕೋಟು, ತಲೆಗೆ ಶಾಲು. ಅಷ್ಟು ಹೊದ್ದು ಕಿಟಕಿಯಲ್ಲಿ ಕೂತವಳು ಸಂತೆಗೆ ಹೊರಟ ಗಂಟಿನಂತೆ ಕಾಣುತ್ತಿದ್ದಳು. ನಗಿಸೋಣವೆಂದು ಹಾಗೆಂದೆ. ನಗಲಿಲ್ಲ. ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲಾಗುತ್ತಿತ್ತು.

"ಸೂರ್ಯಗ ಇಲ್ಲಿ ಕೆಲಸಾ ಇಲ್ಲೇನ್ರಿ? ಬಂದಾವ ಕುಂಡ್ರಾಕೂ ಇಲ್ಲ, ಹೊಂಟ."

"ವಸಂತ ಬಂದ್ರ ಹೋಗೂದ ಇಲ್ಲಂತ."

"ಅಲ್ಲೀತನಾ ನಾ ಯಾರ ಕೂಡ ಮಾತಾಡ್ಲಿ? ಗೋಡಿ ಕೂಡ ಮಾತಾಡಿ ನೋಡೀನಿ. ಅದೂ ಇವರ ಗೋಡಿನ, ಉತ್ತರಾ ಕೊಡಂಗಿಲ್ಲ."

ಅದೇ ಸಮಯಕ್ಕೆ ರಾಜಧಾನಿಯಲ್ಲಿದ್ದ ಹಾವೇರಿ ಕಡೆಯ ಕುಲಕರ್ಣಿಯವರ ಕಾಗದ ಬಂತು. ನಾವು ಬಂದಿಳಿದಾಗ ನಮ್ಮನ್ನು ರೈಲು ಹತ್ತಿಸಿದ್ದವರು. ಅವರು ಸಂಸಾರ ಸಮೇತ ಊರಿಗೆ ಹೊರಟಿದ್ದರು. ಜೊತೆಗೆ ಬರುವವರಿದ್ದರೆ ಹಡಗಿನಲ್ಲಿ ಜಾಗವಿದೆ, ತಿಂಗಳ ಕೊನೆಯ ಶನಿವಾರ ಸಂಜೆ ತೊಯ್ವೊನ ಮನೆಗೆ ಟೆಲಿಫೋನ್ ಮಾಡುತ್ತೇನೆ, ಹೇಳಿರಿ ಎಂದರು.

"ನನ್ನ ಕಳಸ್ರಿ," ಎಂದಳು ನೀಲವ್ವ. ಅತ್ತು ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಉಪ್ಪು ಕೇಳಿದಂತೆ ಕೇಳಿದಳು.

"ಅವತ್ತ ನೀನ ಹೇಳು. ಹೋಗ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ," ಎಂದೆ.

ಎಂದೆನೇನೋ ಸರಿ. ಅವಳು ಹೋದರೆ ಮತ್ತೆ ಆ ಒಟ್ಟು ಮನೆ, ಮತ್ತೆ ಊಟ ಆಯಿತೇ, ಬಸ್ಸು ಎಷ್ಟಕ್ಕೆ. ನಾವಿಬ್ಬರೇ ಇರುವ ಇಂಥ ಒಂದು ಮನೆ ಜನ್ಮದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತೋ ಇಲ್ಲವೋ, ಅದು ಗೊತ್ತಿರಲಿಲ್ಲ. ಅಂದೇ ಅವಳು ಟ್ರಂಕು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

ಮೊದಲ ಶನಿವಾರ

ಶನಿವಾರ ಆ ಊರಿನ ಚಿಮಣಿಗಳೆಲ್ಲ ಹೊಗೆಯಾಡುತ್ತವೆ. ಮನೆಯ ಚಿಮಣಿಯಲ್ಲ, ಹಿತ್ತಲಿನ ಚಿಮಣಿ. ತೊಯ್ವೊ ನಮ್ಮ ಸೌನಾಕ್ಕೂ ಒಂದು ಹೊರೆ ಸೌದೆ ಹಾಕಿ ಹೋದ.

ಒಳಗೆ ಹೋಗಿ ನೋಡಿದರೆ ಕಬ್ಬಿಣದ ಒಲೆ, ಅದರ ನೆತ್ತಿಯ ಮೇಲೆ ರಾಶಿ ಕಲ್ಲು, ಗೋಡೆಗೆ ಮೆಟ್ಟಿಲಿನಂತೆ ಹಲಗೆ, ಮೂಲೆಯಲ್ಲಿ ಒಂದು ಬಕೆಟ್ಟು, ಮರದ ಸೌಟು. ಇಷ್ಟೇ.

"ಹಂಡೇ ಎಲ್ಲೈತಿ?" ಎಂದಳು ನೀಲವ್ವ.

ನಿಜ, ಹಂಡೆಯೇ ಇಲ್ಲ! ಹಂಡೆಯಿಲ್ಲದ ಬಚ್ಚಲು ನಾವು ಕಂಡಿರಲಿಲ್ಲ. ಎಕ್ಕಂಬಿಯಲ್ಲಿ ಬಚ್ಚಲಮನೆ ಎಂದರೆ ಒಲೆಗೆ ಮೆತ್ತಿ ಕೂರಿಸಿದ ದೊಡ್ಡ ತಾಮ್ರದ ಹಂಡೆ. ದೀಪಾವಳಿಗೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಬಳ್ಳಿ ಕಟ್ಟಿ, ಮನೆ ಮಗಳಂತೆ ಸಿಂಗರಿಸುತ್ತೇವೆ.

"ಪಾಪ, ಹಂಡೆ ಒಡದಿರಬೇಕು. ಹೊಸಾದು ತಂದಿಲ್ಲ," ಎಂದು ನೀಲವ್ವ ಆ ಊರಿನವರ ಮೇಲೆ ಕರುಣೆಪಟ್ಟು, ಆಲೂಗಡ್ಡೆ ಕುದಿಸುವ ದೊಡ್ಡ ಪಾತ್ರೆ ತಂದು, ನೀರು ತುಂಬಿ, ಕಲ್ಲಿನ ರಾಶಿಯ ಮೇಲೆ ಕೂರಿಸಿದಳು. ಸರಿಯಾಗಿ ಕೂತಿತು. ಕಲ್ಲು ಇಟ್ಟದ್ದೇ ಅದಕ್ಕೆ ಎಂದು ನಮಗೆ ಖಾತ್ರಿಯಾಯಿತು.

ನಾನು ಬಾಯ್ಲರಿನವನು. ಒಲೆಯನ್ನು ಸುತ್ತಲೂ ತಟ್ಟಿ ನೋಡಿದೆ. ಒತ್ತಡ ತೋರಿಸುವ ಗೇಜು ಇಲ್ಲ, ಸೇಫ್ಟಿ ವಾಲ್ವ್ ಇಲ್ಲ. ಇಂಥದ್ದರ ಬಾಗಿಲು ಮುಚ್ಚುವುದುಂಟೇ? ಬಾಗಿಲಿಗೆ ಒಂದು ಕೊರಡು ಅಡ್ಡ ಇಟ್ಟು ತೆರೆದೇ ಬಿಟ್ಟೆ.

ನಂತರ ನಮ್ಮ ಪದ್ಧತಿಯಂತೆ ನಾನು ಮೊದಲು ಸ್ನಾನ ಮಾಡಿದೆ. ನನ್ನದಾದ ಮೇಲೆ ಅವಳು. ಅಷ್ಟರಲ್ಲಿ ಬೆಂಕಿ ಇಳಿದಿತ್ತು, ತೆರೆದ ಬಾಗಿಲಿನಿಂದ ಇಡೀ ಕೆರೆಯ ಗಾಳಿ ಒಳಗೆ ಬಂದಿತ್ತು. ಹಲ್ಲು ಕಡಿಯುತ್ತ ಹೊರಗೆ ಬಂದಳು.

ಬೇಲಿಯಾಚೆಯಿಂದ ಐನೋ, "ಹ್ಯುವಾ?" ಎಂದು ಕೂಗಿದಳು. ಚೆನ್ನಾಗಿತ್ತೇ ಎಂದು.

"ಹ್ಯುವಾ, ಹ್ಯುವಾ," ಎಂದೆ.

"ಏನ ಹ್ಯುವಾ? ನಿಮಗ ಹ್ಯುವಾ," ಎಂದಳು ನೀಲವ್ವ.

ಎರಡನೆಯ ಶನಿವಾರ, ಐನೋ ಬಾಗಿಲು ಹಾಕಿದ್ದು

ಆ ಶನಿವಾರ ಮೊದಲ ಹಿಮ ಬೀಳುತ್ತಿತ್ತು. ನಾನು ಒಳಗೆ ಪಂಚೆಯುಟ್ಟು, ಕೊರಳತನಕ ಸೋಪು ಹಚ್ಚಿ, ಕಲ್ಲಿನ ಮೇಲಿನ ಪಾತ್ರೆಯಿಂದ ಆಗಲೇ ಒಂದು ಚೊಂಬು ಸುರಿದುಕೊಂಡಿದ್ದೆ. ನೀಲವ್ವ ಹೊರಗೆ ಸೌದೆಯ ರಾಶಿಯ ಮೇಲೆ ಕೂತು, ತೊಡೆಯ ಮೇಲೆ ಸೀಗೆಪುಡಿಯ ಡಬ್ಬಿ ಇಟ್ಟುಕೊಂಡು ತನ್ನ ಪಾಳಿ ಕಾಯುತ್ತಿದ್ದಳು. ತಲೆಯ ಮೇಲೆ, ಹೆಗಲ ಮೇಲೆ ಹಿಮ ಕೂರುತ್ತಿತ್ತು.

ಅದನ್ನು ಐನೋ ನೋಡಿಬಿಟ್ಟಳು. ಬೇಲಿ ದಾಟಿ ಬಂದ ಸದ್ದು ನನಗೆ ಒಳಗೆ ಕೇಳಿಸಿತು. ಎಮ್ಮೆ ನುಗ್ಗಿದಂತೆ ಇತ್ತು.

"ಅವರದಾಗ್ಲೆವ್ವಾ, ಆಮ್ಯಾಲ ನಂದು," ಎಂದು ನೀಲವ್ವ ಕನ್ನಡದಲ್ಲಿ ವಿವರಿಸುತ್ತಿದ್ದಳು. ಐನೋಗೆ ಕನ್ನಡ ಬಾರದು. ಆದರೆ ಗಂಡ ಬಿಸಿಯಲ್ಲಿ, ಹೆಂಡತಿ ಹಿಮದಲ್ಲಿ. ಇದನ್ನು ತಿಳಿಯಲು ಭಾಷೆ ಬೇಕೇ? ಧಡಾರೆಂದು ಒಳಗೆ ಬಂದಳು. ನನ್ನನ್ನು ನೋಡಿದಳು. ನಾನು ಚೊಂಬನ್ನು ಎದೆಗೆ ಅವಚಿಕೊಂಡೆ. ಆಮೇಲೆ ಕಲ್ಲಿನ ಮೇಲಿದ್ದ ಆಲೂಗಡ್ಡೆಯ ಪಾತ್ರೆ ನೋಡಿದಳು. ನನ್ನನ್ನು ಬಿಟ್ಟು ಅದಕ್ಕೇ ಕಿರುಚಿದಳು. ತೊಯ್ವೊ ಓಡಿಬಂದ. ಅವನೂ ನೋಡಿದ. ಸಾವಿನ ಮನೆಗೆ ಬಂದವನಂತೆ ಟೊಪ್ಪಿಗೆ ತೆಗೆದು ನಿಂತ. ಆದರೆ ಅವನ ಭುಜಗಳು ಕುಲುಕುತ್ತಿದ್ದವು.

ಮುಂದಿನದೆಲ್ಲ ಬೇಗ ಆಯಿತು. ಐನೋ ಪಾತ್ರೆ ಇಳಿಸಿ ನೆಲಕ್ಕಿಟ್ಟಳು. ತೊಯ್ವೊ ಒಲೆಗೆ ಸೌದೆ ತುರುಕಿದ. ಐನೋ ನೀಲವ್ವನನ್ನು, ಉಟ್ಟ ಇಳಕಲ್ ಸೀರೆ ಸಮೇತ, ಒಳಗೆ ತಳ್ಳಿ, ನಾನು ಇಟ್ಟ ಕೊರಡನ್ನು ಒದ್ದು, ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ರೀ! ಬಾಗಲಾ ಹಾಕಿದ್ಲರೀ!"

"ಅವ್ವಾ, ತಗೀಯವ್ವಾ!" ಎಂದು ನಾನು ಕನ್ನಡದಲ್ಲೇ ಕೂಗಿ ಭುಜ ಕೊಟ್ಟು ನೂಕಿದೆ. ಬಾಗಿಲು ಅಲುಗಲಿಲ್ಲ. ಐನೋ ಅಂಥ ಹೆಂಗಸು.

"ವೆತ್ತಾ! ವೆತ್ತಾ!" ಎಂದು ಹೊರಗಿನಿಂದ ಅವಳ ದನಿ. ಅದರ ಹಿಂದೆ ತೊಯ್ವೊನ ಇಂಗ್ಲಿಷು: ನೀರು, ಕಲ್ಲಿಗೆ ನೀರು.

ಕಲ್ಲಿಗೆ ನೀರು ಹಾಕಿದರೆ ಬಿಡುತ್ತಾರೇನೋ ಎಂದು ನಾನು ಆಲೂಗಡ್ಡೆ ಪಾತ್ರೆ ಎತ್ತಿ ಇದ್ದಷ್ಟೂ ನೀರನ್ನು ಸುರಿದುಬಿಟ್ಟೆ. ಒಂದು ಸೌಟು ಹಾಕಬೇಕೆಂದು ಅರ್ಥವಂತೆ. ನನಗೆ ಆಗ ಯಾರು ಹೇಳಬೇಕು!

ಬಾಯ್ಲರಿನ ಪಕ್ಕ ಇಷ್ಟು ವರ್ಷ ಕಳೆದಿದ್ದೇನೆ, ಉಗಿಯ ಅಂಥ ಗರ್ಜನೆ ಕೇಳಿಲ್ಲ. ಕೋಣೆ ಬೆಳ್ಳಗಾಯಿತು. ಕಿವಿ ಸುಟ್ಟಿತು. ಇಬ್ಬರೂ ಒಟ್ಟಿಗೆ ನೆಲಕ್ಕೆ ಕುಕ್ಕರಿಸಿದೆವು. ನೀಲವ್ವ ಸೆರಗು ಎಳೆದು ಇಬ್ಬರ ತಲೆಯ ಮೇಲೂ ಹಾಕಿದಳು.

"ಇದು ಬಚ್ಚಲಲ್ರೀ, ಆಲೆಮನಿ! ನಮ್ಮನ್ನ ಬೆಲ್ಲಾ ಮಾಡಾಕತ್ತಾರ!"

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ನಾವು ಲಿಂಗವಂತರು, ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುತ್ತೇವೆ, ಸ್ನಾನಕ್ಕೂ ಅದನ್ನು ಮೈಯಿಂದ ಬೇರೆ ಮಾಡುವುದಿಲ್ಲ. ನನ್ನದು ಬೆಳ್ಳಿಯ ಕರಡಿಗೆಯೊಳಗಿತ್ತು. ಬೆಳ್ಳಿ ಕಾದಿತು. ತೆಗೆಯುವಂತಿಲ್ಲ, ಎದೆಗೆ ತಾಗಿಸುವಂತಿಲ್ಲ. ದಾರವನ್ನು ಎದೆಯಿಂದ ದೂರ ಹಿಡಿದು ನಾನು ಕುಣಿಯತೊಡಗಿದೆ.

"ನನ್ನ ಎದಿ ಸುಡ್ತು!"

"ನನ್ನ ಮೂಗು!" ಅವಳ ಮೂಗುಬೊಟ್ಟು ಕೆಂಡವಾಗಿತ್ತು. ತಣ್ಣೀರಿನ ಬಕೆಟ್ಟಿಗೆ ಮುಖ ಹಾಕಿ ಮೂಗು ಅದ್ದಿದಳು. ಮೇಲೆದ್ದು ನನ್ನನ್ನು ನೋಡಿದಳು: ಮೈತುಂಬ ಸೋಪು, ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ದಾರ, ಒಂದೇ ಕಾಲಿನ ಮೇಲೆ ಕುಣಿತ. ಗಂಟಲಲ್ಲಿ ಏನೋ ಸಿಕ್ಕಿದಂತೆ ಒಂದು ಸದ್ದು ಮಾಡಿದಳು. ಆಮೇಲೆ ನಕ್ಕಳು. ಸೆರಗು ಬಾಯಿಗೆ ಹಿಡಿದು ನಗುವ ನಗೆಯಲ್ಲ. ಹಲಗೆ ಬಡಿದು, ಹೊಟ್ಟೆ ಹಿಡಿದು, ಬಿಕ್ಕಳಿಸಿ ನಗುವ ನಗೆ. ನನ್ನ ಹೆಂಡತಿಗೆ ಇಂಥ ನಗೆ ಇದೆ ಎಂದು ಮದುವೆಯಾದ ಮೂರು ವರ್ಷಕ್ಕೆ ನನಗೆ ಗೊತ್ತಾಯಿತು.

"ನಿಂದರ್ರಿ, ನಿಂದರ್ರಿ, ಕುಣೀಬ್ಯಾಡ್ರಿ," ಎನ್ನುತ್ತ ಒದ್ದೆ ಸೆರಗಿನ ತುದಿಯನ್ನು ಕರಡಿಗೆಗೆ ಸುತ್ತಿ ತಣ್ಣಗೆ ಮಾಡಿದಳು. ನನಗೂ ನಗು ಹತ್ತಿತು. ಹೊರಗೆ ಐನೋ ಕೇಳಿಸಿಕೊಂಡಳೇನೋ, ಅವಳೂ ನಗತೊಡಗಿದಳು. ಬಾಗಿಲಿಗೆ ಕೊಟ್ಟ ಬೆನ್ನು ಕುಲುಕಿ ಬಾಗಿಲು ಗಡಗಡ ಅಂದಿತು. ಆಮೇಲೆ ತೆರೆಯಿತು.

ಹೊರಗೆ ಬಂದೆವು. ನಮ್ಮಿಬ್ಬರ ಮೈಯಿಂದಲೂ ಈಗ ತಾನೆ ತೆಗೆದ ಇಡ್ಲಿಯಂತೆ ಹಬೆ ಏಳುತ್ತಿತ್ತು. ನೀಲವ್ವ ಬರಿಗಾಲಲ್ಲಿ ಹಿಮದ ಮೇಲೆ ನಿಂತು ಕಾಲು ನೋಡಿಕೊಂಡಳು.

"ರೀ, ಥಂಡಿ ಎಲ್ಲಿ ಹೋತು?"

ಬುಧವಾರ

ಮುಂದಿನ ಶನಿವಾರದ ತನಕ ಕಾಯಲು ನಮಗೆ ಆಗಲಿಲ್ಲ. ಬುಧವಾರವೇ ಒಲೆ ಹಚ್ಚಿದೆವು. ಊರಿಗೆಲ್ಲ ನಮ್ಮದೊಂದೇ ಹಿತ್ತಲ ಚಿಮಣಿಯಲ್ಲಿ ಹೊಗೆ. ಐನೋ ಕಿಟಕಿಯಿಂದ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು.

ಕರಡಿಗೆಯ ತೊಂದರೆಗೆ ನೀಲವ್ವ ಉಪಾಯ ಮಾಡಿದ್ದಳು. "ನಮ್ಮಜ್ಜ ಬೆಳ್ಳೀದು ಎಲ್ಲಿ ಕಂಡಿದ್ದ? ಬಟ್ಟಿಯೊಳಗ ಸುತ್ತಿ ಕೊರಳಿಗೆ ಕಟ್ಕೋತಿದ್ದ." ಹತ್ತಿಯ ಬಟ್ಟೆಯನ್ನು ಮಡಿಸಿ ಮಡಿಸಿ ಹೊಲಿದು ನನಗೊಂದು, ತನಗೊಂದು ಮಾಡಿದಳು. ತಾಳಿಗೂ ಬಟ್ಟೆ ಸುತ್ತಿದಳು. ಮೂಗುಬೊಟ್ಟಿಗೆ ಮಾತ್ರ ಉಪಾಯವಿಲ್ಲ, ಆಗಾಗ ಮೂಗನ್ನು ಬಕೆಟ್ಟಿಗೆ ಅದ್ದುವುದು.

ಆ ಊರಿನವರು ಒಳಗೆ ಏನೂ ಉಡುವುದಿಲ್ಲ. ನಮಗೆ ಅದು ಆಗುವ ಮಾತಲ್ಲ. ಅವಳು ಹಳೆಯ ನೂಲಿನ ಸೀರೆಯನ್ನು ಗದ್ದೆ ನಾಟಿಗೆ ಹೋಗುವವರಂತೆ ಮೊಣಕಾಲಿಗೆ ಎತ್ತಿ ಕಟ್ಟಿದಳು, ನಾನು ಒಂದು ಟವೆಲ್ಲು. ಅಷ್ಟಕ್ಕೇ ನಾವು ಭಾರೀ ಮುಂದುವರಿದವರೆಂದು ನಮಗೇ ಅನಿಸಿ ಕಿಸಕ್ಕೆಂದು ನಗು ಬಂತು.

ಸೌಟಿನ ಯಜಮಾನಿಕೆ ಅವಳದು. ಒಂದು ಸೌಟು ಹಾಕುವಳು, ಕಲ್ಲು ಉಸ್ಸೆನ್ನುವುದು, ಬಿಸಿ ಮೊದಲು ಸೂರಿಗೆ ಹೋಗಿ, ಆಮೇಲೆ ಮೆಲ್ಲಗೆ ಹೆಗಲ ಮೇಲೆ ಇಳಿಯುವುದು. ಯಾರೋ ಹಿಂದಿನಿಂದ ಬಂದು ಬೆಚ್ಚಗಿನ ಕಂಬಳಿ ಹೊದಿಸಿದಂತೆ. ಮಾತಾಡಬೇಕೆಂದೇನೂ ಇಲ್ಲ. ಆದರೆ ಆ ಕತ್ತಲಲ್ಲಿ, ಬೆವರಿನಲ್ಲಿ, ಮಾತು ತಾನಾಗಿ ಬರುತ್ತದೆ.

ತೊಯ್ವೊ ಒಣಗಿದ ಬರ್ಚ್ ಮರದ ಎಲೆಯ ಒಂದು ಕಟ್ಟು ಕೊಟ್ಟಿದ್ದ. ಅದನ್ನು ನೀರಲ್ಲಿ ನೆನೆಸಿ ಒಬ್ಬರು ಇನ್ನೊಬ್ಬರ ಬೆನ್ನಿಗೆ ಹೊಡೆಯಬೇಕು, ರಕ್ತ ಚೆನ್ನಾಗಿ ಓಡುತ್ತದೆ ಎಂದಿದ್ದ. ನಾನು ಬೆನ್ನು ಕೊಟ್ಟೆ.

"ಗಂಡಗ ಹೊಡೀಲಾ? ಅತ್ತಿ ಕಿವಿಗೆ ಬಿದ್ರ?"

"ಇದು ಇವರ ಪದ್ಧತಿ. ಹೊಡಿ."

ಮೊದಲು ದೇವರ ಪಟದ ಧೂಳು ಹೊಡೆದಂತೆ ಮುಟ್ಟಿಸಿದಳು. ಇನ್ನಷ್ಟು ಜೋರಾಗಿ ಎಂದೆ. ಕೈ ಕುದುರಿತು.

"ಇದು ದೀಪಾವಳಿಗೆ ಬರಿಗೈಲೆ ಬಂದಿದ್ದಕ್ಕ!" ಚಟ್.

"ಅಯ್ಯ!"

"ಇದು ನಮ್ಮಪ್ಪ ಬಂದಾಗ ಊಟಕ್ಕ ಏಳ್ರಿ ಅನ್ನದ ಬರೇ ಚಾದಾಗ ಕಳಿಸಿದ್ದಕ್ಕ!" ಚಟ್. "ಇದು ಮದುವಿ ದಿನ ನನ್ನ ಬಿಟ್ಟು ಫೋಟೋದಾವನ್ನ ನೋಡಿ ನಕ್ಕಿದ್ದಕ್ಕ!"

"ಅವ ನಗು ಅಂದಾ!"

"ಅವ ಅಂದ್ರ ನಗ್ತೀರಿ, ನಾ ಅಂದ್ರ?" ಚಟ್, ಚಟ್.

ಬೆನ್ನು ಕೆಂಪಾಯಿತು. ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಮೂರು ವರ್ಷದ ತಕರಾರು, ಒಂದೂ ಬಿಡದಂತೆ, ಎಲೆಯ ಘಮದ ಜೊತೆ ಬೆನ್ನಿನ ಮೇಲೆ ಬಿತ್ತು. ಕೊನೆಗೆ ದಣಿದು ಪಕ್ಕದಲ್ಲಿ ಕೂತಳು.

"ಒಂದ ಹೇಳ್ಲಾ? ನಮ್ಮನ್ಯಾಗ ನಾ ಕಡೀ ಸೊಸಿ. ಮಾವಾರು, ಭಾವಾರು, ನೀವು, ಹುಡುಗ್ರು, ಅಕ್ಕಾರು, ಎಲ್ಲಾರದೂ ಆದ ಮ್ಯಾಲ ನನ್ನ ಸ್ನಾನ. ಹಂಡ್ಯಾಗ ಏನಿರತಿತ್ತು? ಉಗುರುಬೆಚ್ಚಗಿನ ನೀರು. ಬಿಸಿ ಅನ್ನೂದು ಮೈಗೆ ಹತ್ತಿದ್ದು ಇಲ್ಲೇ ನೋಡ್ರಿ."

ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದಳು. ನಾನು ಸೌಟು ತೆಗೆದುಕೊಂಡು ಕಲ್ಲಿಗೆ ಇನ್ನಷ್ಟು ನೀರು ಹಾಕಿದೆ.

ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ನಗತೊಡಗಿದಳು. ಹಗಲು ಐನೋ ಕೈಸನ್ನೆಯಲ್ಲಿ ಇವಳ ಗಂಡನ ಹೆಸರು ಕೇಳಿದ್ದಳಂತೆ. ಗಂಡನ ಹೆಸರನ್ನು ಹೇಗೆ ಹೇಳುವುದು! ಇವಳು ಸುಮ್ಮನೆ ನಿಂತಳು. ಮರೆತಿದ್ದಾಳೆಂದು ತಿಳಿದು ಐನೋ ಕನಿಕರದಿಂದ ಬೆನ್ನು ತಟ್ಟಿದಳಂತೆ.

"ಈಗ ಹೇಳು. ಇಲ್ಲಿ ಯಾರದಾರ?" ಎಂದೆ.

"ಬರೇ ಹೇಳಾಕ ಬರಂಗಿಲ್ಲ. ಒಡಪಿನ್ಯಾಗ ಹೇಳತೀನಿ." ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ಹಾಗೆ ಗಂಟಲು ಸರಿಮಾಡಿಕೊಂಡಳು. "ಕಾದ ಕಲ್ಲಿಗೆ ನೀರು ಹೊಡದ್ರ ಏಳತೈತಿ ಉಗಿ, ಈರಪ್ಪನವರು ಟವೆಲ್ಲ ಉಟಗೊಂಡ್ರ ನನಗ ಬರತೈತಿ ನಗಿ!"

ನನ್ನ ಹೆಸರು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಇನ್ನೊಮ್ಮೆ ಹೇಳು ಎಂದೆ. ಇನ್ನೊಮ್ಮೆ ಹೇಳಿದಳು.

ಹಡಗಿನ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಅವಳೂ ಎತ್ತಲಿಲ್ಲ. ಬೆಳಿಗ್ಗೆ ನೋಡಿದರೆ ಅವಳ ಟ್ರಂಕು ಕಟ್ಟಿದ್ದಂತೆಯೇ ಬಾಗಿಲ ಬಳಿ ಇತ್ತು.

ಟೆಲಿಫೋನಿನ ಶನಿವಾರ

ತಿಂಗಳ ಕೊನೆಯ ಶನಿವಾರ ಬಂತು. ಬೆಳಗಿನಿಂದ ಸೌದೆ ಒಡೆದೆ. ಎಷ್ಟು ಒಡೆದೆನೆಂದರೆ ತೊಯ್ವೊ ಬಂದು ಕೊಡಲಿ ಇಸಿದುಕೊಂಡು, "ಕಾಫಿ," ಎಂದ. ಆ ಊರಿನಲ್ಲಿ ಕಷ್ಟ ಬಂದರೂ ಕಾಫಿ, ಸುಖ ಬಂದರೂ ಕಾಫಿ. ಅವನ ಜೊತೆ ಮೂರನೆಯ ಕಪ್ಪು ಕುಡಿಯುತ್ತ ಗೋಡೆಯ ಮೇಲಿನ ಟೆಲಿಫೋನನ್ನೇ ನೋಡುತ್ತಿದ್ದೆ.

ಕತ್ತಲಾಯಿತು. ಒಲೆ ಹದಕ್ಕೆ ಬಂತು. ಇಬ್ಬರೂ ಹೋಗಿ ಮೇಲಿನ ಹಲಗೆಯ ಮೇಲೆ ಕೂತೆವು. ನೀಲವ್ವ ಒಂದು ಸೌಟು ನೀರು ಹಾಕಿದಳು. ಬಿಸಿ ಬಂದು ಹೆಗಲ ಮೇಲೆ ಕೂತಿತು. ನನಗೆ ಹತ್ತಲಿಲ್ಲ. ಕಿವಿಯೆಲ್ಲ ಹೊರಗೆ.

"ಯಾಕ ಹಿಂಗ ಕುಂತೀರಿ, ಪೆಟ್ಟು ತಿಂದಾರಂಗ?"

"ಏನಿಲ್ಲ."

"ಎಲಿ ಕಟ್ಟು ತರ್ಲೇನು?"

ನಗಲು ನೋಡಿದೆ. ಅಷ್ಟರಲ್ಲಿ ಹಿಮದಲ್ಲಿ ಬೂಟಿನ ಸದ್ದು, ಬಾಗಿಲ ಮೇಲೆ ಗುದ್ದು. "ಪುಹೆಲಿನ್! ಪುಹೆಲಿನ್!" ಐನೋನ ದನಿ. ಟೆಲಿಫೋನ್ ಬಂದಿದೆ.

ನಾನು ದಡಬಡಿಸಿ ಎದ್ದು, ಒದ್ದೆ ಹಲಗೆಯ ಮೇಲೆ ಜಾರಿ, ಕೆಳಗಿನ ಮೆಟ್ಟಿಲಿಗೆ ಕುಸಿದೆ.

"ನೀವು ಕುಂಡ್ರಿ," ಎಂದಳು ನೀಲವ್ವ. "ನನ್ನ ಮಾತು ಕೇಳಾಕಲ್ಲ ಅವರು ಮಾಡಿದ್ದು? ನಾನ ಹೇಳತೀನಿ."

ಅಲ್ಲಿತನಕ ಅವಳು ಟೆಲಿಫೋನ್ ಮುಟ್ಟಿದವಳಲ್ಲ, ಪರಗಂಡಸರ ಜೊತೆ ತಲೆಯೆತ್ತಿ ಮಾತಾಡಿದವಳೂ ಅಲ್ಲ. ಒದ್ದೆ ಸೀರೆಯ ಮೇಲೆ ಐನೋನ ಉದ್ದ ಕೋಟು ಹಾಕಿಕೊಂಡು, ಬರಿಗಾಲಲ್ಲಿ, ತಲೆಯಿಂದ ಹಬೆ ಬಿಡುತ್ತ, ರೈಲಿನಂತೆ ಹೊರಟಳು. ನಾನು ಟವೆಲ್ಲಿನ ಮೇಲೆ ಕೋಟು ಏರಿಸಿ ಕುಂಟುತ್ತ ಹಿಂದೆ ಓಡಿದೆ.

ನಾನು ಮುಟ್ಟುವಷ್ಟರಲ್ಲಿ ಅವಳು ರಿಸೀವರನ್ನು ತಲೆಕೆಳಗಾಗಿ ಹಿಡಿದು, ಕೇಳುವ ಕಡೆಗೆ ಮಾತಾಡುತ್ತಿದ್ದಳು. ತೊಯ್ವೊ ಮೆಲ್ಲಗೆ ತಿರುಗಿಸಿ ಕೊಟ್ಟ. ಕುಲಕರ್ಣಿಯವರು ದೂರದಲ್ಲಿದ್ದಾರೆ ಎಂದು ಅವಳು ಹೊಲದ ಆಚೆ ಬದುವಿಗೆ ಕೂಗುವಂತೆ ಕೂಗತೊಡಗಿದಳು. ಅವರ ಮಾತೂ ಅಷ್ಟೇ ಗಟ್ಟಿ. ಕೋಣೆಗೆಲ್ಲ ಕೇಳುತ್ತಿತ್ತು.

"ಅಣ್ಣಾರ, ನಾ ನೀಲವ್ವ ಮಾತಾಡೂದು! ಹೂಂ, ಆರಾಮ! ಹೂಂ, ಅವರೂ ಆರಾಮ, ಈಗ ಬಿದ್ರು!"

"ಏನವ್ವಾ, ತಯಾರಿ ಆತೇನು? ಬರಾಕ ಹತ್ತೀಯೇನು ನಮ್ಮ ಕೂಡ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಐನೋ ನನ್ನ ಮುಖ ನೋಡಿ ತನ್ನ ಕಾಫಿಯ ಕಪ್ಪನ್ನು ಮೇಜಿನ ಮೇಲೆ ಇಟ್ಟಳು.

"ಇಲ್ರೀ ಅಣ್ಣಾರ," ಎಂದಳು ನೀಲವ್ವ. "ಆಗಂಗಿಲ್ಲ. ಒಲಿ ಹಚ್ಚೀವಿ."

"ಅಲ್ಲವ್ವಾ, ಹಡಗ ಇವತ್ತಲ್ಲ. ಮುಂದಿನ ಶನಿವಾರ."

"ಮುಂದಿನ ಶನಿವಾರಾನೂ ಹಚ್ಚತೀವ್ರಿ," ಎಂದು ಹೇಳಿ ರಿಸೀವರನ್ನು ತೊಯ್ವೊನ ಕೈಗೆ ಕೊಟ್ಟು, ನನ್ನ ಕೋಟಿನ ತೋಳು ಹಿಡಿದು ಎಳೆದಳು.

"ನಡೀರಿ, ನಡೀರಿ, ಕಲ್ಲು ಆರತಾವ."